ರಾಜಾ ರವಿವರ್ಮ ಮತ್ತು ಅವರು ಬರೆದ ಕಲಾವಿದೆಯರು

ಬೆಳಗಾವಿಯ ಹಳೆಯ ಪೇಟೆಯ ಮನೆಗಳಲ್ಲಾಗಲಿ, ಖಾನಾಪುರ ತಾಲೂಕಿನ ಹೆಂಚಿನ ಮನೆಗಳ ಪಡಸಾಲೆಯಲ್ಲಾಗಲಿ, ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ಲಕ್ಷ್ಮಿಯ ಪಟವನ್ನೋ ಸರಸ್ವತಿಯ ಪಟವನ್ನೋ ಕಾಣದವರು ವಿರಳ. ಶಾಲೆಯ ಶಾರದಾ ಪೂಜೆಯ ದಿನ ಮಕ್ಕಳು ಹೂವೇರಿಸಿ ನಮಿಸುವ ವೀಣಾಪಾಣಿಯ ರೂಪವೂ ಬಹುಮಟ್ಟಿಗೆ ಅದೇ. ಆ ರೂಪವು ಅನಾದಿಕಾಲದಿಂದ ಹಾಗೆಯೇ ನಡೆದುಬಂದಿದೆಯೆಂದು ನಂಬಿದವರೇ ಹೆಚ್ಚು. ಆದರೆ ಇಂದು ನಮ್ಮ ಕಣ್ಣಿಗೆ ಇಷ್ಟು ಸಹಜವಾಗಿ ತೋರುವ ಆ ಮುಖ, ಆ ಸೀರೆಯ ನೆರಿಗೆ, ಆ ಕೈಯ ಬಾಗು ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಬ್ಬ ಚಿತ್ರಕಾರರ ಕುಂಚದಿಂದ ಮೂಡಿದವು. ಅವರೇ ಕೇರಳದ ಕಿಳಿಮಾನೂರಿನ ರಾಜಾ ರವಿವರ್ಮರು.

ಶಿಲ್ಪಕಲೆಯು ಈ ಸೀಮೆಗೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ಕಾಲದ ದೇವಾಲಯಗಳಿವೆ. ಬೆಳಗಾವಿಯ ಕೋಟೆಯೊಳಗೆ ರಟ್ಟರ ಆಳ್ವಿಕೆಯಲ್ಲಿ 1204ರಲ್ಲಿ ಕಟ್ಟಿದ ಕಮಲ ಬಸದಿಯು ಇಂದಿಗೂ ಕಣ್ಮನ ಸೆಳೆಯುತ್ತದೆ. ಕಲ್ಲಿನಲ್ಲಿ ನರ್ತಕಿಯರನ್ನೂ ವಾದ್ಯಗಾರ್ತಿಯರನ್ನೂ ಕಡೆದ ಶಿಲ್ಪಿಗಳ ಪರಂಪರೆ ಕರ್ನಾಟಕದ್ದು. ಆದರೆ ಎಣ್ಣೆಬಣ್ಣದಲ್ಲಿ, ನೆಳಲು ಬೆಳಕುಗಳ ಹದದಲ್ಲಿ, ಉಸಿರಾಡುವ ವ್ಯಕ್ತಿಯನ್ನೇ ಎದುರಿಗೆ ಕೂಡಿಸಿದಂತೆ ಬರೆಯುವ ವಿದ್ಯೆ ಯುರೋಪಿನದು. ಅದನ್ನು ಭಾರತೀಯ ವಸ್ತುವಿಗೆ ಒಲಿಸಿದವರಲ್ಲಿ ರವಿವರ್ಮರು ಅಗ್ರಗಣ್ಯರು.

ಜನನ ಮತ್ತು ಬಾಲ್ಯ

ರವಿವರ್ಮರು 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ ಜನಿಸಿದರು. ತಾಯಿ ಉಮಾಂಬಾ ತಂಬುರಾಟ್ಟಿಯವರು ಕವಯಿತ್ರಿ. ಪಾರ್ವತೀ ಸ್ವಯಂವರವೆಂಬ ಕೃತಿಯನ್ನು ರಚಿಸಿದವರು. ತಂದೆ ನೀಲಕಂಠ ಭಟ್ಟತಿರಿಪಾಡರು ಸಂಸ್ಕೃತ ವಿದ್ವಾಂಸರು. ಸೋದರಮಾವ ರಾಜರಾಜವರ್ಮರು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುವ ಹವ್ಯಾಸಿಗಳು. ತಾಯಿಯ ಕಾವ್ಯ, ತಂದೆಯ ಶಾಸ್ತ್ರ, ಮಾವನ ಕುಂಚ ಈ ಮೂರೂ ಕೂಡಿದ ಮನೆಯಲ್ಲಿ ಬಾಲಕನ ಒಲವು ಬೇಗನೆ ಬಣ್ಣದ ಕಡೆಗೆ ಹರಿಯಿತು. ಅರಮನೆಯ ಬಿಳಿಯ ಗೋಡೆಗಳ ಮೇಲೆ ಇದ್ದಲಿನಿಂದ ಪ್ರಾಣಿಗಳನ್ನೂ ನಿತ್ಯಜೀವನದ ನೋಟಗಳನ್ನೂ ಬರೆದಿಡುತ್ತಿದ್ದ ಹುಡುಗನನ್ನು ಮಾವನು ದಂಡಿಸಲಿಲ್ಲ. ಬದಲಾಗಿ ತಾನೇ ಮೊದಲ ಗುರುವಾದನು. ಮನೆಯ ಗೋಡೆ ಕೆಡಿಸಿದ ಮಗುವಿನಲ್ಲಿ ಕಲಾವಿದನನ್ನು ಕಾಣಬಲ್ಲ ಹಿರಿಯರು ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ, 1862ರಲ್ಲಿ, ಬಾಲಕನನ್ನು ತಿರುವನಂತಪುರಕ್ಕೆ ಕರೆತರಲಾಯಿತು. ಅಲ್ಲಿ ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯ ದೊರೆಯಿತು. ಆದರೆ ಆಶ್ರಯ ದೊರೆತಷ್ಟು ಸುಲಭವಾಗಿ ವಿದ್ಯೆ ದೊರೆಯಲಿಲ್ಲ. ಎಣ್ಣೆಬಣ್ಣದ ಮರ್ಮವನ್ನು ಬಲ್ಲ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರು ಅದನ್ನು ಈ ಎಳೆಯನಿಗೆ ಹೇಳಿಕೊಡಲು ಒಪ್ಪಲಿಲ್ಲ. ಅವರ ಶಿಷ್ಯನಾದ ಆರುಮುಗಂ ಪಿಳ್ಳೆಯು ಗುರುವಿಗೆ ತಿಳಿಯದಂತೆ ಬಂದು ತನಗೆ ಗೊತ್ತಿದ್ದಷ್ಟನ್ನು ತಿಳಿಸಿದನು. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಭಾವಚಿತ್ರಕಾರನು ಅರಮನೆಗೆ ಬಂದಾಗ ಆತನೂ ಪಾಠ ಹೇಳಲು ನಿರಾಕರಿಸಿದನು. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾನು ಕೆಲಸ ಮಾಡುವಾಗ ದೂರ ನಿಂತು ನೋಡಲು ಮಾತ್ರ ಅವಕಾಶವಿತ್ತನು. ರವಿವರ್ಮರು ನೋಡಿಯೇ ಕಲಿತರು. ಬಣ್ಣ ಬೆರೆಸುವ ಕ್ರಮವನ್ನು ಕೈತಪ್ಪಿ ಕೈತಪ್ಪಿ ತಾವೇ ಸಾಧಿಸಿದರು. ವಿದ್ಯೆಯನ್ನು ಬಚ್ಚಿಟ್ಟವರ ನಡುವೆ ಬೆಳೆದ ಈ ಅನುಭವವು ಅವರ ಮುಂದಿನ ಬದುಕಿನ ಮೇಲೆ ಅಚ್ಚೊತ್ತಿದಂತೆ ತೋರುತ್ತದೆ. ತಮ್ಮ ಕಲೆಯನ್ನು ಅರಮನೆಯ ಬಾಗಿಲೊಳಗೆ ಮುಚ್ಚಿಡಲು ಅವರು ಎಂದೂ ಬಯಸಲಿಲ್ಲ.

1866ರಲ್ಲಿ ಮಾವೇಲಿಕ್ಕರದ ರಾಜಮನೆತನದ ಭಾಗೀರಥಿಯವರೊಡನೆ ಅವರ ವಿವಾಹವು ನೆರವೇರಿತು. ಚಿತ್ರಕಲೆಯನ್ನೇ ಜೀವನವೃತ್ತಿಯಾಗಿ ಕೈಗೊಳ್ಳುವ ಮುನ್ನ, 1870ರಲ್ಲಿ, ಅವರು ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು ನಲವತ್ತೊಂದು ದಿನಗಳ ವ್ರತವನ್ನು ಆಚರಿಸಿದರು. ಹೀಗೆ ಅವರ ವೃತ್ತಿಜೀವನದ ಮೊದಲ ಹೆಜ್ಜೆಯು ಕನ್ನಡ ನಾಡಿನ ನೆಲದ ಮೇಲೆಯೇ ಬಿದ್ದಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಮರಳುವ ದಾರಿಯಲ್ಲಿ ಕೋಳಿಕೋಡಿನ ನ್ಯಾಯಾಧಿಕಾರಿ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ನರ ಕುಟುಂಬದ ಚಿತ್ರವನ್ನು ಬರೆದುದೇ ಅವರು ಸಂಭಾವನೆ ಪಡೆದು ಮಾಡಿದ ಮೊದಲ ಕೆಲಸ. ರಾಜಬಂಧುವೊಬ್ಬನು ಹಣ ಪಡೆದು ಚಿತ್ರ ಬರೆಯುವುದು ಆ ಕಾಲದಲ್ಲಿ ಗೌರವದ ಮಾತಾಗಿರಲಿಲ್ಲ. ದುಡಿಮೆಯಲ್ಲಿ ಕೀಳುಮೇಲಿಲ್ಲವೆಂಬ ನಿಲುವನ್ನು ರವಿವರ್ಮರು ಮಾತಿನಿಂದ ಸಾರದೆ ನಡತೆಯಿಂದ ತೋರಿದರು.

ಕೀರ್ತಿಯ ಆರಂಭ

1873ರಲ್ಲಿ ಮದರಾಸಿನ ಕಲಾಪ್ರದರ್ಶನಕ್ಕೆ ಅವರು ಕಳುಹಿದ ಚಿತ್ರದಲ್ಲಿ ನಾಯರ್ ಸ್ತ್ರೀಯೊಬ್ಬಳು ಮುಡಿಗೆ ಮಲ್ಲಿಗೆ ಮುಡಿಯುತ್ತಿದ್ದಾಳೆ. ಆ ಚಿತ್ರಕ್ಕೆ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿಯೂ ಮನ್ನಣೆ ದೊರೆಯಿತು. ಮರುವರ್ಷ ಮದರಾಸಿನಲ್ಲಿ ಮತ್ತೆ ಚಿನ್ನದ ಪದಕ. ಈ ಬಾರಿಯ ಚಿತ್ರದ ವಸ್ತು ಸ್ವರಬತ್ ಎಂಬ ತಂತಿವಾದ್ಯವನ್ನು ನುಡಿಸುತ್ತಿರುವ ತಮಿಳು ಮಹಿಳೆ. 1875ರಲ್ಲಿ ವೇಲ್ಸ್ ರಾಜಕುಮಾರನು ಭಾರತ ಪ್ರವಾಸಕ್ಕೆ ಬಂದಾಗ ತಿರುವಾಂಕೂರಿನ ಮಹಾರಾಜರು ಆತನಿಗೆ ಕೊಟ್ಟ ಕಾಣಿಕೆಗಳಲ್ಲಿ ಈ ಚಿತ್ರವೂ ಇತ್ತು. 1876ರಲ್ಲಿ ದುಷ್ಯಂತನಿಗೆ ಓಲೆ ಬರೆಯುತ್ತಿರುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರರಾದ ಬಕಿಂಗ್‌ಹ್ಯಾಮ್ ಡ್ಯೂಕರು ಕೊಂಡುಕೊಂಡರು. ಸಂಸ್ಕೃತ ಪಂಡಿತ ಮೋನಿಯರ್ ವಿಲಿಯಮ್ಸರ ಶಾಕುಂತಲದ ಅನುವಾದದ ಮುಖಚಿತ್ರವಾಗಿ ಆ ಕೃತಿಯು ಬಳಕೆಯಾಯಿತು.

ಶಕುಂತಲೆಯು ಆ ದಶಕದಲ್ಲಿ ದೇಶದ ಅನೇಕ ಪ್ರತಿಭಾವಂತರನ್ನು ಒಂದೇ ಸಮಯಕ್ಕೆ ಸೆಳೆದಳೆಂಬುದು ಗಮನಾರ್ಹ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕದ ಯುಗವನ್ನೇ ತೆರೆದರು. ಮೈಸೂರಿನ ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿ ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಆ ನಾಟಕವನ್ನು ಕನ್ನಡಕ್ಕೆ ತಂದರು. ಒಬ್ಬರು ಹಾಡಿನಲ್ಲಿ, ಒಬ್ಬರು ಮಾತಿನಲ್ಲಿ, ಒಬ್ಬರು ಬಣ್ಣದಲ್ಲಿ ಒಂದೇ ಕಣ್ವಾಶ್ರಮವನ್ನು ಕಟ್ಟಿದರು. ರವಿವರ್ಮರ ಪೌರಾಣಿಕ ಚಿತ್ರಗಳಲ್ಲಿ ಪಾತ್ರಗಳು ನಿಲ್ಲುವ ಭಂಗಿ, ತಿರುಗಿ ನೋಡುವ ರೀತಿ, ಸೀರೆಯುಟ್ಟ ಬಗೆ ಇವುಗಳಲ್ಲಿ ಅಂದಿನ ರಂಗಭೂಮಿಯ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ.

1880ರಲ್ಲಿ ಆಯಿಲ್ಯಂ ತಿರುನಾಳರು ಕಾಲವಾದ ಬಳಿಕ ತಿರುವನಂತಪುರದ ಆಸ್ಥಾನದಲ್ಲಿ ರವಿವರ್ಮರಿಗೆ ಮೊದಲಿನ ಸೌಹಾರ್ದವು ಉಳಿಯಲಿಲ್ಲ. ಅವರು ಹೊರನಾಡಿನತ್ತ ಮುಖಮಾಡಿದರು. ದಿವಾನ ಟಿ. ಮಾಧವರಾಯರ ಮೂಲಕ ಬಡೋದೆಯ ಸಯಾಜಿರಾವ ಗಾಯಕವಾಡರ ಪರಿಚಯವಾಯಿತು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ರಚಿಸಿದರು. 1888ರಲ್ಲಿ ಬಡೋದೆಯ ಮಹಾರಾಜರು ರಾಮಾಯಣ, ಮಹಾಭಾರತಗಳ ಹದಿನಾಲ್ಕು ಪ್ರಸಂಗಗಳನ್ನು 50,000 ರೂಪಾಯಿಗಳಿಗೆ ಬರೆಯಿಸಲು ಒಪ್ಪಿದಾಗ, ರವಿವರ್ಮರು ತಮ್ಮನಾದ ಸಿ. ರಾಜರಾಜವರ್ಮರೊಡನೆ ಉತ್ತರ ಭಾರತವನ್ನು ಸುತ್ತಿದರು. ಪುರಾಣದ ಸ್ತ್ರೀಪುರುಷರಿಗೆ ಇಡೀ ದೇಶವು ಒಪ್ಪುವಂಥ ಉಡುಗೆ ಯಾವುದು ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಪ್ರಾಂತ್ಯಕ್ಕೊಂದು ಉಡುಗೆ, ಜಾತಿಗೊಂದು ತೊಡುಗೆಯಿದ್ದ ದೇಶದಲ್ಲಿ ಆ ಪ್ರಶ್ನೆಗೆ ಸಿದ್ಧ ಉತ್ತರವಿರಲಿಲ್ಲ. ಕೊನೆಗೆ ಅವರು ಸೀರೆಯನ್ನೇ ಆರಿಸಿಕೊಂಡರು. ಶಹಾಪುರದ ಮಗ್ಗದ ಸೀರೆಯನ್ನುಟ್ಟ ಬೆಳಗಾವಿಯ ಗೃಹಿಣಿಯು ಪಟದೊಳಗಿನ ಲಕ್ಷ್ಮಿಯನ್ನು ಕಂಡಾಗ ಆಕೆಗೆ ಪರಕೀಯ ಭಾವನೆ ಬಾರದಿದ್ದುದಕ್ಕೆ ಈ ಆಯ್ಕೆಯೇ ಕಾರಣ.

ಹನ್ನೊಂದು ಮಂದಿ ಕಲಾವಿದೆಯರು

ರವಿವರ್ಮರ ಹೆಸರು ದೇವದೇವತೆಯರ ಚಿತ್ರಗಳೊಡನೆ ಎಷ್ಟು ಬೆಸೆದುಕೊಂಡಿದೆಯೆಂದರೆ, ಅವರು ಮತ್ತೆ ಮತ್ತೆ ಒಲಿದು ಬರೆದ ಇನ್ನೊಂದು ವಸ್ತುವನ್ನು ನಾವು ಮರೆಯುತ್ತೇವೆ. ಅದು ವಾದ್ಯವನ್ನು ಹಿಡಿದ ಸ್ತ್ರೀ. 1874ರ ಸ್ವರಬತ್ ವಾದಕಿಯಿಂದ ಮೊದಲಾದ ಈ ಸಾಲಿನಲ್ಲಿ ವೀಣೆ ನುಡಿಸುವವರೂ ಇದ್ದಾರೆ, ಮುಂಬಯಿಯ ಗಾಯಕಿಯೂ ಇದ್ದಾಳೆ. ಈ ಸಾಲಿನ ಶಿಖರವೆನ್ನಬಹುದಾದ ಚಿತ್ರವು 1889ರದು. ಅದು ಇಂದು ಮೈಸೂರಿನ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಕಲಾಶಾಲೆಯ ಸಂಗ್ರಹದಲ್ಲಿದೆ. ಸಂಗೀತಗಾರ್ತಿಯರ ಈ ಸಮೂಹಚಿತ್ರದಲ್ಲಿ ಹನ್ನೊಂದು ಮಂದಿ ಸ್ತ್ರೀಯರಿದ್ದಾರೆ. ಒಬ್ಬೊಬ್ಬರದು ಒಂದೊಂದು ಪ್ರಾಂತ್ಯದ, ಒಂದೊಂದು ಸಮುದಾಯದ ಉಡುಗೆ. ವೀಣೆಯನ್ನು ಮಡಿಲಲ್ಲಿಟ್ಟು ಕುಳಿತ ಮಲಯಾಳದ ನಾಯರ್ ಸ್ತ್ರೀ, ಮುಸಲ್ಮಾನ ಗಾಯಕಿ, ಪಾರ್ಸಿ ಮಹಿಳೆ ಹೀಗೆ ಇಡೀ ಭರತಖಂಡವೇ ಒಂದು ಕೋಣೆಯೊಳಗೆ ಶ್ರುತಿಗೂಡಲು ಬಂದು ಸೇರಿದಂತಿದೆ. ಒಂದು ರಾಷ್ಟ್ರವೆಂಬ ಭಾವನೆ ಇನ್ನೂ ಮೊಳಕೆಯೊಡೆಯುತ್ತಿದ್ದ ಕಾಲದಲ್ಲಿ ಅದಕ್ಕೆ ರೂಪ ಕೊಟ್ಟ ಕೃತಿಯಿದು ಎಂದು ಬಲ್ಲವರು ಹೇಳುತ್ತಾರೆ.

ಆದರೆ ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತವರ ಮನಸ್ಸಿನಲ್ಲಿ ಸಂತೋಷದೊಡನೆ ಒಂದು ಅಳುಕೂ ಮೂಡುತ್ತದೆ. ಆ ಹನ್ನೊಂದು ಮಂದಿಯಲ್ಲಿ ನಲಿವಿನಿಂದ ನಗುವವರು ಯಾರೂ ಇಲ್ಲ. ನೋಟಗಳು ಬೇರೆ ಬೇರೆ ದಿಕ್ಕಿಗೆ ಹರಿದಿವೆ. ಅಂದಿನ ದಿನಗಳಲ್ಲಿ ಸಭೆಯಲ್ಲಿ ಹಾಡುವ, ವಾದ್ಯ ನುಡಿಸುವ, ಕುಣಿಯುವ ಹೆಣ್ಣಿಗೆ ಸಮಾಜವು ಚಪ್ಪಾಳೆಯನ್ನು ಕೊಟ್ಟಿತೇ ಹೊರತು ಗೌರವದ ಸ್ಥಾನವನ್ನು ಕೊಡಲಿಲ್ಲ. ಆಕೆಯ ವಿದ್ಯೆ ಬೇಕಾಗಿತ್ತು, ಆಕೆ ಬೇಡವಾಗಿದ್ದಳು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಕ್ಕಳ ಬಾಳನ್ನು ಕೆಡಿಸುವ ಪದ್ಧತಿಯನ್ನು ಕಣ್ಣಾರೆ ಕಂಡ ಬೆಳಗಾವಿ ಸೀಮೆಗೆ ಈ ಮಾತಿನ ನೋವನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯು ರೂಪುಗೊಂಡುದು 1982ರಲ್ಲಿ. ಚಿತ್ರವನ್ನು ಬರೆದವರ ಹೆಸರನ್ನು ಜಗತ್ತು ಬಲ್ಲದು. ಅದರಲ್ಲಿ ವೀಣೆಯನ್ನು ಹಿಡಿದವರ ಹೆಸರನ್ನು ಚೌಕಟ್ಟಿನ ಮೇಲೆ ಯಾರೂ ಬರೆಯಲಿಲ್ಲ.

1893ರಲ್ಲಿ ಅಮೆರಿಕದ ಶಿಕಾಗೋ ನಗರದ ವಿಶ್ವ ಪ್ರದರ್ಶನಕ್ಕೆ ರವಿವರ್ಮರು ಹತ್ತು ಚಿತ್ರಗಳನ್ನು ಕಳುಹಿಸಿದರು. ಸ್ವಾಮಿ ವಿವೇಕಾನಂದರು ಭಾಗವಹಿಸಿದ ಸರ್ವಧರ್ಮ ಸಮ್ಮೇಳನವು ಅದೇ ವರ್ಷ, ಅದೇ ನಗರದಲ್ಲಿ ಜರುಗಿತು. ದೇವತೆಗಳ ಚಿತ್ರಗಳನ್ನು ಬಿಟ್ಟು, ಭಾರತದ ನಾನಾ ಭಾಗಗಳ ಸ್ತ್ರೀಯರ ಬದುಕನ್ನೇ ಅವರು ಆ ಪ್ರದರ್ಶನಕ್ಕೆ ಆರಿಸಿದ್ದರು. ತನ್ನ ಮಗಳು ಮಹಾಪ್ರಭೆಯು ಮಗುವನ್ನೆತ್ತಿಕೊಂಡು ನಿಂತ ಪ್ರಸಿದ್ಧ ಚಿತ್ರವೂ ಅವುಗಳಲ್ಲೊಂದು. ಅಲ್ಲಿ ಅವರಿಗೆ ಎರಡು ಪದಕಗಳು ಬಂದವು.

ಕುಂಚ ಹಿಡಿದ ತಂಗಿ

ರವಿವರ್ಮರ ಜೀವನವನ್ನು ಹೇಳುವವರು ಅವರ ತಮ್ಮ ರಾಜರಾಜವರ್ಮರನ್ನು ನೆನೆಯದೆ ಮುಂದೆ ಹೋಗಲಾರರು. ನಿಸರ್ಗಚಿತ್ರಗಳಲ್ಲಿ ನಿಪುಣರಾದ ಅವರು ಅಣ್ಣನ ಚಿತ್ರಗಳ ಹಿನ್ನೆಲೆಯನ್ನು ರಚಿಸಿ, ವ್ಯವಹಾರಗಳನ್ನು ನೋಡಿಕೊಂಡು, ದಿನಚರಿಯನ್ನು ಬರೆದಿಟ್ಟು, ಲಕ್ಷ್ಮಣನಂತೆ ಜೊತೆಯಲ್ಲಿ ನಡೆದರು. ಆದರೆ ಆ ಮನೆಯಲ್ಲಿ ಕುಂಚವನ್ನು ಹಿಡಿದ ಇನ್ನೊಂದು ಕೈಯೂ ಇತ್ತು. ಅದು ತಂಗಿ ಮಂಗಳಾಬಾಯಿ ತಂಬುರಾಟ್ಟಿಯವರದು. 1866ರಲ್ಲಿ ಜನಿಸಿದ ಅವರು ಎಣ್ಣೆಬಣ್ಣದಲ್ಲಿ ಸಿದ್ಧಹಸ್ತರಾಗಿದ್ದರು. ತಮ್ಮ ಅಣ್ಣನ ಭಾವಚಿತ್ರವನ್ನು ಅವರು ರಚಿಸಿದ್ದು, ಅದು ತಿರುವನಂತಪುರದ ಕಲಾಸಂಗ್ರಹದಲ್ಲಿ ಉಳಿದುಬಂದಿದೆ. ಲೋಕದ ಮುಖಗಳನ್ನೆಲ್ಲ ಬರೆದ ಅಣ್ಣನ ಮುಖವನ್ನು ತಂಗಿಯು ಬರೆದಳು.

ಅಣ್ಣಂದಿರು ಮದರಾಸು, ಮೈಸೂರು, ಬಡೋದೆ, ಮುಂಬಯಿ, ಉದಯಪುರಗಳಿಗೆ ಹೋಗಿಬಂದರು. ತಂಗಿಯು ಮನೆಯಲ್ಲಿಯೇ ಉಳಿದಳು. ಅರಮನೆಯ ಹೆಣ್ಣುಮಕ್ಕಳು ದೇಶಸಂಚಾರ ಮಾಡುವುದಾಗಲಿ, ಕಲೆಯನ್ನು ವೃತ್ತಿಯಾಗಿ ನಡೆಸುವುದಾಗಲಿ ಅಂದಿನ ಸಂಪ್ರದಾಯಕ್ಕೆ ಸಲ್ಲದ ಮಾತು. ಒಂದೇ ತಾಯಿಯ ಮಡಿಲಲ್ಲಿ ಬೆಳೆದು, ಒಂದೇ ಬಣ್ಣದ ಪೆಟ್ಟಿಗೆಯ ಬಳಿ ಕುಳಿತವರಲ್ಲಿ ಒಬ್ಬರ ಹೆಸರು ಮನೆಮನೆಗೆ ಮುಟ್ಟಿತು. ಮತ್ತೊಬ್ಬರ ಹೆಸರನ್ನು ಕಲಾಭ್ಯಾಸಿಗಳು ಮಾತ್ರ ಬಲ್ಲರು. ಮಂಗಳಾಬಾಯಿಯವರು 1954ರವರೆಗೆ ಬದುಕಿದ್ದರು.

ಇದು ನಮ್ಮ ದೇಶದ ಕೊರತೆ ಮಾತ್ರವಾಗಿರಲಿಲ್ಲ. ಅದೇ ಶತಮಾನದ ಆರಂಭದಲ್ಲಿ, 1804ರಲ್ಲಿ, ಸ್ಪೇನ್ ದೇಶದ ಮಹಾ ಚಿತ್ರಕಾರ ಗೋಯಾ ಅವರು ವಿಲ್ಲಾಫ್ರಾಂಕಾದ ಮಾರ್ಕ್ವಿಸನ ಪತ್ನಿ ಮರಿಯಾ ತೋಮಾಸಾ ಪಲಾಫೋಕ್ಸ್ ಎಂಬ ಕುಲೀನ ಮಹಿಳೆಯ ಎಣ್ಣೆಬಣ್ಣದ ಭಾವಚಿತ್ರವನ್ನು ರಚಿಸಿದರು. ಮ್ಯಾಡ್ರಿಡ್ ನಗರದ ಪ್ರಾಡೋ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಆಕೆ ಬೀಸಣಿಗೆಯನ್ನಲ್ಲ, ಕುಂಚವನ್ನು ಹಿಡಿದಿದ್ದಾಳೆ. ಎದುರಿನ ಹಲಗೆಯ ಮೇಲೆ ಆಕೆ ಬರೆಯುತ್ತಿರುವ ಗಂಡನ ಚಿತ್ರವಿದೆ. ಸಾಮಾನ್ಯವಾಗಿ ಪುರುಷನು ಬರೆಯುವನು, ಸ್ತ್ರೀಯು ಬರೆಯಿಸಿಕೊಳ್ಳುವಳು. ಇಲ್ಲಿ ಆ ಕ್ರಮವು ತಲೆಕೆಳಗಾಗಿದೆ. ಮರುವರ್ಷ ಅಲ್ಲಿಯ ರಾಜಮನ್ನಣೆಯ ಕಲಾ ಅಕಾಡೆಮಿಯು ಆಕೆಗೆ ಗೌರವ ಸದಸ್ಯತ್ವವನ್ನಿತ್ತಿತು. ಹಾಗಿದ್ದರೂ ಇಂದು ಲೋಕವು ಆಕೆಯನ್ನು ಬಲ್ಲದ್ದು ಗೋಯಾ ಬರೆದ ಚಿತ್ರದ ಮೂಲಕವೇ ಹೊರತು ಆಕೆಯೇ ಬರೆದ ಚಿತ್ರಗಳಿಂದಲ್ಲ. ಮ್ಯಾಡ್ರಿಡ್ಡಿನ ಆ ಮಹಿಳೆಗೂ ಕಿಳಿಮಾನೂರಿನ ಮಂಗಳಾಬಾಯಿಗೂ ನಡುವೆ ಸಾವಿರಾರು ಹರದಾರಿಗಳ ದೂರವಿದೆ. ಆದರೆ ಇಬ್ಬರ ಕುಂಚಕ್ಕೂ ಮನೆಯ ಬಾಗಿಲೇ ಎಲ್ಲೆಯಾಯಿತು.

ಅರಮನೆಯಿಂದ ಮನೆಮನೆಗೆ

ರವಿವರ್ಮರ ಬಾಳಿನ ಅತಿ ದೊಡ್ಡ ಸಾಹಸವು ಮುದ್ರಣಾಲಯದ ಸ್ಥಾಪನೆ. ಬೇಡಿಕೆಯನ್ನು ಪೂರೈಸಲು ಎರಡು ಕೈ ಸಾಲದೆಂದೂ, ಚಿತ್ರಗಳನ್ನು ಬಣ್ಣದ ಅಚ್ಚಿನಲ್ಲಿ ತೆಗೆದರೆ ದೇಶಕ್ಕೆ ಉಪಕಾರವಾಗುವುದೆಂದೂ ಮಾಧವರಾಯರು ಹಿಂದೆಯೇ ಸೂಚಿಸಿದ್ದರು. ಅದರಂತೆ 1894ರಲ್ಲಿ ಮುಂಬಯಿಯಲ್ಲಿ ಜರ್ಮನಿಯ ಯಂತ್ರಗಳನ್ನೂ ತಂತ್ರಜ್ಞರನ್ನೂ ತರಿಸಿ ಮುದ್ರಣಾಲಯವನ್ನು ತೆರೆದರು. ಕಲ್ಲಚ್ಚಿನ ಆ ಕ್ರಮದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಗೊಳಿಸಿ, ಒಂದೇ ಹಾಳೆಯನ್ನು ಹಲವು ಸಲ ಒತ್ತಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ಮುಖವು ಕೆಡುತ್ತದೆ. ಮೊದಲು ಹೊರಬಂದುದು ಶಕುಂತಲೆಯ ಜನನದ ಚಿತ್ರ. ಬಳಿಕ ಲಕ್ಷ್ಮಿ, ಸರಸ್ವತಿಯರ ಪಟಗಳು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಹರಡಿದವು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗಿನ ಮಾರಿಯು ಉದ್ಯಮಕ್ಕೆ ಪೆಟ್ಟುಕೊಟ್ಟಿತು. ಆ ಮಾರಿಯು ಬೆಳಗಾವಿ ಸೀಮೆಯನ್ನೂ ಬಿಡಲಿಲ್ಲ. ಜನರು ಊರು ತೊರೆದು ಅಡವಿಯಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳನ್ನು ಇಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಮುದ್ರಣಾಲಯವನ್ನು 1899ರಲ್ಲಿ ಲೋಣಾವಳದ ಬಳಿಯ ಮಳವಲಿಗೆ ಸಾಗಿಸಲಾಯಿತು. ಆದರೂ ಸಾಲದ ಹೊರೆ ತಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ರವಿವರ್ಮರು ಅದನ್ನು ಜರ್ಮನ್ ತಂತ್ರಜ್ಞ ಶ್ಲೈಷರನಿಗೆ ಮಾರಬೇಕಾಯಿತು. ವ್ಯಾಪಾರದಲ್ಲಿ ಅವರು ಸೋತರು, ಉದ್ದೇಶದಲ್ಲಿ ಸೋಲಲಿಲ್ಲ. ಆ ಮುದ್ರಣಾಲಯಕ್ಕಾಗಿ ಕಲ್ಲಚ್ಚಿನ ಕೆಲಸ ಮಾಡಿದ ತರುಣರಲ್ಲಿ ದಾದಾಸಾಹೇಬ ಫಾಲ್ಕೆಯವರೂ ಒಬ್ಬರು. ಅವರೇ 1913ರಲ್ಲಿ ರಾಜಾ ಹರಿಶ್ಚಂದ್ರ ಚಲಚ್ಚಿತ್ರವನ್ನು ನಿರ್ಮಿಸಿದರು. ಅದರಲ್ಲಿಯೂ ತಾರಾಮತಿಯ ಪಾತ್ರಕ್ಕೆ ಹೆಂಗಸರು ದೊರೆಯದೆ ಪುರುಷನೇ ವೇಷ ಧರಿಸಬೇಕಾಯಿತೆಂಬುದನ್ನು ನೆನೆದರೆ, ಕಲಾವಿದೆಯ ಬಗೆಗೆ ಸಮಾಜವು ಇಟ್ಟುಕೊಂಡಿದ್ದ ಭಾವನೆ ಎಷ್ಟು ಗಟ್ಟಿಯಾಗಿತ್ತೆಂಬುದು ತಿಳಿಯುತ್ತದೆ.

ಪುಣೆಯಿಂದ ಮೀರಜ, ಬೆಳಗಾವಿ, ಖಾನಾಪುರಗಳ ಮೂಲಕ ಲೋಂಡಾಕ್ಕೆ ಸಾಗುವ ರೈಲುಮಾರ್ಗವು ಆಗತಾನೆ ಸಿದ್ಧವಾಗಿದ್ದ ಕಾಲವದು. ಬೆಳಗಾವಿಯು ಮುಂಬಯಿ ಇಲಾಖೆಗೆ ಸೇರಿತ್ತು. ಇಲ್ಲಿಯ ಪೇಟೆಗೆ ಮುಂಬಯಿ ಪುಣೆಗಳ ಸರಕು ಬರುವುದು ನಿತ್ಯದ ಮಾತಾಗಿತ್ತು. ಅರಸರ ದರ್ಬಾರಿನಲ್ಲಿ ಮಾತ್ರ ನೋಡಸಿಗುತ್ತಿದ್ದ ಚಿತ್ರವು ಅಚ್ಚಿನ ಹಾಳೆಯಾಗಿ ರೈತನ, ನೇಕಾರನ, ಅಂಗಡಿಕಾರನ ಕೈಗೆಟುಕಿತು. ಗುಡಿಯ ಹೊಸ್ತಿಲನ್ನು ದಾಟಲು ಅಪ್ಪಣೆಯಿಲ್ಲದವರ ಗುಡಿಸಲಿಗೂ ದೇವತೆಯ ಪಟವು ತಡೆಯಿಲ್ಲದೆ ಪ್ರವೇಶಿಸಿತು. ಇದನ್ನು ರವಿವರ್ಮರು ಸಮಾಜಸುಧಾರಣೆಯೆಂದು ಬಗೆದು ಮಾಡಿದರೋ ಇಲ್ಲವೋ, ಪರಿಣಾಮವಂತೂ ಹಾಗೆಯೇ ಆಯಿತು.

ಕೊನೆಯ ದಿನಗಳು

1891ರಲ್ಲಿ ಪತ್ನಿವಿಯೋಗವನ್ನು ಅನುಭವಿಸಿದ ರವಿವರ್ಮರ ಕೊನೆಯ ವರ್ಷಗಳು ಗೌರವ ಮತ್ತು ದುಃಖಗಳೆರಡರಿಂದಲೂ ತುಂಬಿದ್ದವು. 1904ರಲ್ಲಿ ಸರ್ಕಾರವು ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನಿತ್ತಿತು. ಅದೇ ಸುಮಾರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆದುಕೊಡಲು ಕೋರಿದರು. ಆ ಕಾರ್ಯವು ನಡೆದಿರುವಾಗಲೇ, 1905ರ ಜನವರಿಯಲ್ಲಿ, ತಮ್ಮ ರಾಜರಾಜವರ್ಮರು ತೀರಿಕೊಂಡರು. ಬಲಗೈಯೇ ಕಳಚಿದಂತಾದರೂ, ಮಧುಮೇಹದಿಂದ ದೇಹವು ಕುಗ್ಗಿದ್ದರೂ, ಒಪ್ಪಿಕೊಂಡ ಕೆಲಸವನ್ನು ರವಿವರ್ಮರು ಅರ್ಧಕ್ಕೆ ಬಿಡಲಿಲ್ಲ. ಸಮುದ್ರರಾಜನ ಮೇಲೆ ಮುನಿದ ಶ್ರೀರಾಮ, ಕೌರವರ ಸಭೆಯಲ್ಲಿ ಸಂಧಾನಕ್ಕೆ ನಿಂತ ಶ್ರೀಕೃಷ್ಣ ಮೊದಲಾದ ಚಿತ್ರಗಳು ಈ ಕೊನೆಯ ದುಡಿಮೆಯ ಫಲ. 1906ರ ಅಕ್ಟೋಬರ್ 2ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಕೊಲ್ಲೂರಿನಲ್ಲಿ ವ್ರತದಿಂದ ಮೊದಲಾದ ಪಯಣವು ಮೈಸೂರಿನ ಚಿತ್ರಗಳೊಡನೆ ಮುಗಿದುದು ಕನ್ನಡಿಗರ ಪಾಲಿನ ಭಾಗ್ಯವೆನ್ನಬೇಕು.

ಅವರ ನಿಧನದ ಬಳಿಕ ಹೊಸ ವಿಮರ್ಶೆಯ ಗಾಳಿ ಬೀಸಿತು. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ರವಿವರ್ಮರ ಚಿತ್ರಗಳಲ್ಲಿ ಯುರೋಪಿನ ಅನುಕರಣೆಯನ್ನೂ ನಾಟಕೀಯತೆಯನ್ನೂ ಕಂಡು ಅವುಗಳನ್ನು ಒಪ್ಪಲಿಲ್ಲ. ಆ ಟೀಕೆಯಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ಅವರ ದೇವಿಯರಲ್ಲಿ ದೈವಕ್ಕಿಂತ ಮಾನುಷ ಚೆಲುವೇ ಮುಂದಾಗಿ ನಿಲ್ಲುವುದುಂಟು. ಆದರೆ ಸಾಮಾನ್ಯ ಜನರು ಆ ಚಿತ್ರಗಳನ್ನು ಗೋಡೆಯಿಂದ ಇಳಿಸಲಿಲ್ಲ. ಭಾರತ ಸರ್ಕಾರವು 1979ರಲ್ಲಿ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿ, ಅವುಗಳನ್ನು ದೇಶದಿಂದ ಹೊರಗೆ ಸಾಗಿಸದಂತೆ ನಿರ್ಬಂಧಿಸಿತು.

ಅವರ ಮೊಮ್ಮಗಳಾದ ಸೇತು ಲಕ್ಷ್ಮೀಬಾಯಿಯವರು 1900ರಲ್ಲಿ ತಿರುವಾಂಕೂರಿನ ರಾಜಮನೆತನಕ್ಕೆ ದತ್ತು ಹೋಗಿ, 1924ರಿಂದ 1931ರವರೆಗೆ ಆ ಸಂಸ್ಥಾನದ ಆಡಳಿತವನ್ನು ನಡೆಸಿದರು. ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಲ್ಲಿಸಿದರು; ದೇವದಾಸಿ ಪದ್ಧತಿಯನ್ನು ತೆಗೆದುಹಾಕಿದರು. ಅಜ್ಜನು ಯಾವ ಕಲಾವಿದೆಯರ ಮುಖದಲ್ಲಿ ಮೌನವಾದ ಬೇಸರವನ್ನು ಬರೆದಿದ್ದರೋ, ಅಂಥವರ ಬಾಳಿಗೆ ಅಂಟಿದ ಕಟ್ಟೊಂದನ್ನು ಮೊಮ್ಮಗಳು ಬಿಡಿಸಿದರು. ಮಗನಾದ ರಾಮವರ್ಮರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1915ರಲ್ಲಿ ಮಾವೇಲಿಕ್ಕರದಲ್ಲಿ ತಂದೆಯ ಹೆಸರಿನ ಚಿತ್ರಕಲಾ ಶಾಲೆಯನ್ನು ಆರಂಭಿಸಿದರು. ಬಾಗಿಲ ಬಳಿ ನಿಂತು ಕದ್ದು ಕಲಿಯಬೇಕಾಗಿ ಬಂದವರ ಹೆಸರಿನಲ್ಲಿ, ಬಾಗಿಲು ತೆರೆದ ಶಾಲೆಯೊಂದು ನಿಂತಿತು.

ಚಿತ್ರಕಲೆಯ ಈ ಬೆಳಕು ಬೆಳಗಾವಿಗೂ ಬಂದಿತು. ಮುಂಬಯಿಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಇಲ್ಲಿಯ ವಿದ್ಯಾರ್ಥಿಗಳು ಹಲವು ತಲೆಮಾರುಗಳಿಂದ ಕುಳಿತುಬಂದರು. ಬೆಳಗಾವಿಯ ಕಲಾಗುರು ಕೆ. ಬಿ. ಕುಲಕರ್ಣಿಯವರ ಚಿತ್ರಮಂದಿರದಲ್ಲಿ ಕಲಿತ ರವಿ ಪರಾಂಜಪೆಯವರಂಥವರು ದೇಶಾದ್ಯಂತ ಹೆಸರು ಗಳಿಸಿದರು. ಆದರೂ ಶಾಲೆಗಳ ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಗಂಟೆಯು ಇಂದಿಗೂ ಬೇರೆ ವಿಷಯಗಳಿಗೆ ಸುಲಭವಾಗಿ ಬಲಿಯಾಗುವ ಗಂಟೆಯೇ. ಕೈಯಲ್ಲಿ ಗೆರೆಯಿರುವ ಹುಡುಗನಿಗೆ ಒಂದಿಷ್ಟು ದಾರಿ ಸಿಕ್ಕೀತು. ಅದೇ ಗೆರೆಯಿರುವ ಹುಡುಗಿಗೆ ಮನೆಯ ಮುಂದಿನ ರಂಗೋಲಿಯೇ ಸಾಕೆನ್ನುವ ಮಾತು ಹಳ್ಳಿಗಳಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಮಲಪ್ರಭೆ ಹುಟ್ಟುವ ಖಾನಾಪುರದ ಕಾಡಂಚಿನ ಊರುಗಳಿಂದ ಬಂದು ಬೆಳಗಾವಿಯಲ್ಲಿ ಓದುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಮಂಗಳಾಬಾಯಿಯರು ಇದ್ದಾರೋ, ಅವರ ಕೈಗೆ ಬಣ್ಣದ ಪೆಟ್ಟಿಗೆಯನ್ನು ಕೊಡುವವರೆಗೆ ತಿಳಿಯುವಂತಿಲ್ಲ.

ಒಬ್ಬ ಮಗುವಿನ ಇದ್ದಲಿನ ಗೀಟುಗಳನ್ನು ಅಳಿಸಿಹಾಕದೆ ನಿಂತು ನೋಡಿದ ಮಾವನಿಂದ ರವಿವರ್ಮರು ದೊರೆತರು. ಶಿಕ್ಷಕರೂ ಪಾಲಕರೂ ದಾನಿಗಳೂ ಆ ಮಾವನ ಸ್ಥಾನದಲ್ಲಿರುವವರು. ಶಾರದಾ ಪೂಜೆಯ ದಿನ ವೀಣೆ ಹಿಡಿದ ದೇವಿಯ ಪಟಕ್ಕೆ ಕೈಮುಗಿಯುವಾಗ, ಅದನ್ನು ಬರೆದ ಮಹನೀಯರನ್ನು ನೆನೆಯುವುದು ಕೃತಜ್ಞತೆ. ಆ ಪಟದ ಮುಂದೆ ಸಾಲಾಗಿ ಕುಳಿತ ಬಾಲಕಿಯರಲ್ಲಿ ಒಬ್ಬಳ ಕೈಗಾದರೂ ವೀಣೆಯನ್ನೋ ಕುಂಚವನ್ನೋ ಗೌರವದಿಂದ ಇತ್ತು, ಆಕೆಯ ಹೆಸರು ಚಿತ್ರದ ಕೆಳಗೆ ಉಳಿಯುವಂತೆ ಮಾಡ�ುವುದು ಆ ಕೃತಜ್ಞತೆಯ ಸಾರ್ಥಕತೆ.